ಮದ್ದಿನ ಪಂಪಿನ ಬೋಲ್ಟು ಬಿಚ್ಚುವ ಕೆಲಸ

ನಮಸ್ಕಾರ. ಇವತ್ತು ತೋಟಕ್ಕೆ ಇಳಿಯುವುದಿಲ್ಲ. ಕೊಟ್ಟಿಗೆ ಪಕ್ಕದ ಮಾಡಿನ ಕೆಳಗೇ ಪೂರ್ತಿ ವಿಡಿಯೊ. ಎದುರಿಗೆ ಕಾಣುತ್ತಿರುವುದು ಅಡಿಕೆಗೆ ಮದ್ದು ಬಿಡುವ ಪಂಪು. ಕಬ್ಬಿಣದ ಫ್ರೇಮು, ಅದರ ಮೇಲೆ ಒಂದು ಕಡೆ ಪೆಟ್ರೋಲ್ ಎಂಜಿನ್, ಇನ್ನೊಂದು ಕಡೆ ಮದ್ದನ್ನು ಜೋರು ಒತ್ತಡದಲ್ಲಿ ದೂಡುವ ಎಚ್‌ಟಿಪಿ ಪಂಪು, ನಡುವೆ ಬೆಲ್ಟು. ಕಳೆದ ಮಳೆಗಾಲ ಮುಗಿದ ಮೇಲೆ ಇದನ್ನು ಯಾರೂ ಮುಟ್ಟಿಲ್ಲ. ಈಗ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಒಂದು ಸುತ್ತು ಬೋರ್ಡೋ, ಅಂದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ನೀರಿನಲ್ಲಿ ಕಲಸಿದ ಮದ್ದು, ಆಗಲೇಬೇಕು. ಪಂಪಿನ ಸೀಲು ಹೋಗಿದೆ. ಸೀಲು ಹಾಕಲು ಪುಲ್ಲಿ ಬಿಚ್ಚಬೇಕು. ಪುಲ್ಲಿ ಬಿಚ್ಚೋಣ ಅಂದರೆ ಒಂದು ಬೋಲ್ಟೂ ಜಪ್ಪಯ್ಯ ಅನ್ನುತ್ತಿಲ್ಲ. ಇವನ್ನು ಬಿಡಿಸಲು ಯಾವ ಎಣ್ಣೆ, ಹೇಗೆ ಹಾಕಬೇಕು ಅನ್ನುವುದೇ ಇವತ್ತಿನ ವಿಷಯ.

ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಈ ನಟ್ಟಿನ ಸುತ್ತ ಕೆಂಪು ತುಕ್ಕಿದೆ, ಅದರ ಮೇಲೆ ನೀಲಿ ಹಸಿರು ಬಣ್ಣದ ಹಕ್ಕಳೆ ಕಟ್ಟಿದೆ. ಅದು ಮೈಲುತುತ್ತು ಮತ್ತು ಸುಣ್ಣ. ಬೋರ್ಡೋ ಮಾಡುವಾಗ ನಾವೆಲ್ಲ ಒಂದು ಪರೀಕ್ಷೆ ಮಾಡುತ್ತೇವೆ, ಅಲ್ವಾ? ಹೊಳೆಯುವ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ಬೇರೇನೂ ಅಲ್ಲ, ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಚೂರಿಗೆ ಬಂದು ಕೂತಿತು, ಚೂರಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಯಿತು. ಸುಣ್ಣ ಕಡಿಮೆಯಾದ ದಿನ ಇದೇ ಕೆಲಸ ಪಂಪಿನ ಬೋಲ್ಟುಗಳಲ್ಲೂ ನಡೆಯುತ್ತದೆ. ಪಂಪಿನ ತಲೆ ಹಿತ್ತಾಳೆ, ಅದಕ್ಕೆ ಹಾಕಿದ ಬೋಲ್ಟು ಕಬ್ಬಿಣ. ಎರಡು ಲೋಹ ಒತ್ತಿಕೊಂಡು ಒದ್ದೆಯಾಗಿ ಕೂತರೆ ಸವೆಯುವುದು ಯಾವಾಗಲೂ ಕಬ್ಬಿಣವೇ.

ಇನ್ನು ಬೋಲ್ಟು ಕಚ್ಚಿಕೊಳ್ಳುವುದು ಯಾಕೆ? ತುಕ್ಕಿಗೆ ಜಾಗ ಜಾಸ್ತಿ ಬೇಕು. ಅದು ಹುಟ್ಟಿದ ಕಬ್ಬಿಣಕ್ಕಿಂತ ಕನಿಷ್ಠ 2 ಪಟ್ಟು ಜಾಗ. ನೀರು ಕುಡಿದ ತುಕ್ಕಾದರೆ ಇನ್ನೂ ಹೆಚ್ಚು. ನಟ್ಟಿಗೂ ಬೋಲ್ಟಿಗೂ ನಡುವೆ ಇರುವುದೇ ಕೂದಲೆಳೆಯಷ್ಟು ಸಂದು. ಅದರೊಳಗೆ ತುಕ್ಕು ಉಬ್ಬಿ ಬೆಣೆ ಹೊಡೆದ ಹಾಗೆ ಕೂತುಬಿಡುತ್ತದೆ. ಬೋಲ್ಟು ಬಿಡಿಸಲು ನಾವು ಹಾಕುವ ಎಣ್ಣೆ ಆ ತುಕ್ಕನ್ನು ಕರಗಿಸುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಎಣ್ಣೆಯ ಕೆಲಸ ಎರಡೇ. ತುಕ್ಕಿನ ಬಿರುಕುಗಳೊಳಗೆ ನುಗ್ಗಬೇಕು, ನುಗ್ಗಿದ ಮೇಲೆ ಅಲ್ಲೇ ಉಳಿದು ಜಾರಿಸಬೇಕು. ಮೊದಲನೆಯದಕ್ಕೆ ತೆಳ್ಳಗಿರಬೇಕು, ಎರಡನೆಯದಕ್ಕೆ ಜಿಡ್ಡು ಬೇಕು. ಈ ಎರಡೂ ಒಂದೇ ಡಬ್ಬಿಯಲ್ಲಿ ಸಿಗುವುದೇ ಕಷ್ಟ.

ಹಾಗಾಗಿ ಮನೆಯಲ್ಲಿರುವುದನ್ನೇ ಒಮ್ಮೆ ನೋಡೋಣ. ತೆಂಗಿನೆಣ್ಣೆ ಬೇಡ. ದಪ್ಪ, ಒಳಗೆ ಹೋಗುವುದಿಲ್ಲ, ಚಳಿಗೆ ಗಟ್ಟಿ ಬೇರೆ ಆಗುತ್ತದೆ. ಅಡುಗೆ ಎಣ್ಣೆಗಳು ಕೆಲವು ತಿಂಗಳಲ್ಲಿ ಅಂಟು ಅಂಟಾಗುತ್ತವೆ. ಎಂಜಿನ್‌ನಿಂದ ಇಳಿಸಿದ ಕರಿ ಆಯಿಲ್ ಜಾರಿಸುತ್ತದೆ, ಆದರೆ ಸಂದಿಗೆ ನುಗ್ಗುವುದಿಲ್ಲ. ಸೀಮೆಎಣ್ಣೆ ಚೆನ್ನಾಗಿ ನುಗ್ಗುತ್ತದೆ. ಜಿಡ್ಡು ಸಾಲದು, ಮತ್ತೆ ಈಗ ಸಿಗುವುದೇ ಅಪರೂಪ. ಡೀಸೆಲ್ ಇವೆರಡರ ನಡುವಿನದು. ನುಗ್ಗುವುದರಲ್ಲಿ ಸೀಮೆಎಣ್ಣೆಗಿಂತ ನಿಧಾನ, ಜಿಡ್ಡಿನಲ್ಲಿ ಮೇಲು. ಕಾಸು ಖರ್ಚು ಮಾಡುವುದಿಲ್ಲ ಅನ್ನುವವರಿಗೆ ನನ್ನ ಉತ್ತರ ಡೀಸೆಲ್, ಒಂದು ರಾತ್ರಿ ಬಿಡಬೇಕು ಅಷ್ಟೇ.

ಅಂಗಡಿಗೆ ಹೋದರೆ ಎಲ್ಲರೂ ಕೇಳುವುದು ಡಬ್ಲ್ಯೂಡಿ-40. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಹುಟ್ಟಿದ್ದು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದ ಹಾಗೆ ನೀರನ್ನು ದೂಡುವುದಕ್ಕೆ ಮಾಡಿದ್ದು. ಹೆಸರಿನಲ್ಲಿರುವ 40, ಅದು 40ನೇ ಪ್ರಯತ್ನದಲ್ಲಿ ಸರಿಹೋಯಿತು ಅನ್ನುವುದಕ್ಕೆ. ಅಂದರೆ ಅದರ ಮೂಲ ಕಸುಬು ನೀರು ಓಡಿಸುವುದು. ತೆಳು ತುಕ್ಕಿಗೆ, ಗೇಟಿನ ಚಿಲಕಕ್ಕೆ, ಒದ್ದೆಯಾದ ಪ್ಲಗ್‌ಗೆ ಧಾರಾಳ ಸಾಕು. ವರ್ಷಗಟ್ಟಲೆ ಕಚ್ಚಿಕೊಂಡ ಬೋಲ್ಟಿಗೆ ಮಾತ್ರ ನಾನು ಬೇರೆ ಡಬ್ಬಿ ತೆಗೆದುಕೊಳ್ಳುತ್ತೇನೆ. ಡಬ್ಬಿ ಮೇಲೆ ಪೆನಟ್ರೆಂಟ್ ಅಂತಲೋ, ರಸ್ಟ್ ರಿಲೀಸ್ ಅಂತಲೋ ಬರೆದಿರುತ್ತದೆ, ಅದನ್ನೇ ನೋಡಿ ಕೇಳಿ. ಡಬ್ಲ್ಯೂಡಿ-40ರವರೇ ಸ್ಪೆಷಲಿಸ್ಟ್ ಹೆಸರಿನಲ್ಲಿ ಅಂಥದ್ದೊಂದು ಮಾಡುತ್ತಾರೆ. ಕೆಲವು ಕಂಪನಿಯದರಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡ್ ಇರುತ್ತದೆ. ಆ ಕರಿ ಪುಡಿ ಎಣ್ಣೆ ಆರಿದ ಮೇಲೂ ಜಾರಿಸುತ್ತದೆ. ಬಟ್ಟೆಗೆ ತಾಗಿದರೆ ಮನೆಯವರ ಹತ್ತಿರ ಬೈಸಿಕೊಳ್ಳಲು ರೆಡಿಯಾಗಿರಿ.

ಅಸಿಟೋನ್ ಮತ್ತು ಎಟಿಎಫ್ ಅರ್ಧಕ್ಕರ್ಧ ಬೆರೆಸಿ ಹಾಕುವವರೂ ಇದ್ದಾರೆ. ಎಟಿಎಫ್ ಅಂದರೆ ಪವರ್ ಸ್ಟೀರಿಂಗಿಗೆ ಹಾಕುವ ಆ ಕೆಂಪು ಆಯಿಲ್. ಅಸಿಟೋನ್ ಅದನ್ನು ಒಳಗೆ ಎಳೆದುಕೊಂಡು ಹೋಗಿ ತಾನು ಆರಿಹೋಗುತ್ತದೆ. ಉಪಾಯ ಒಳ್ಳೆಯದೇ. ಆದರೆ ಎರಡೂ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಬೇರೆ ಬೇರೆಯಾಗುತ್ತವೆ. ಹಾಕುವಾಗೆಲ್ಲ ಕುಲುಕಬೇಕು. ಅಸಿಟೋನ್ ಪೇಂಟು ತಿನ್ನುತ್ತದೆ, ಕೆಲವು ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಅದಕ್ಕಿಂತ ಮುಖ್ಯ, ಅದರ ಆವಿಗೆ ಕಿಡಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಮಾಡುವುದಾದರೆ ಬೇಕಾದಷ್ಟೇ ಮಾಡಿ, ಹೊರಗೆ ಗಾಳಿಯಲ್ಲಿ ಮಾಡಿ. ಉಳಿದದ್ದನ್ನು ಕುಡಿಯುವ ನೀರಿನ ಬಾಟಲಿಯಲ್ಲಂತೂ ಇಡಲೇಬೇಡಿ.

ಸರಿ, ಕೆಲಸ ಶುರು. ಮೊದಲು ನೀರು. ಹೌದು, ನೀರೇ. ಮೈಲುತುತ್ತಿನ ಹಕ್ಕಳೆಯನ್ನು ಒಣಗಿದ್ದಾಗ ಉಜ್ಜಿದರೆ ಧೂಳು ಮೂಗಿಗೆ, ಕಣ್ಣಿಗೆ. ತೊಳೆದು, ಒಣಗಿಸಿ, ಆಮೇಲೆ ವೈರ್ ಬ್ರಷ್. ನಟ್ಟಿನಿಂದ ಹೊರಗೆ ಚಾಚಿದ ಬೋಲ್ಟಿನ ಥ್ರೆಡ್ ಇದೆಯಲ್ಲ, ಅದನ್ನು ಚೆನ್ನಾಗಿ ಉಜ್ಜಿ. ನಟ್ಟು ಹೊರಬರುವ ದಾರಿ ಅದೇ. ಅಲ್ಲಿ ತುಕ್ಕು ಬಿಟ್ಟರೆ ಅರ್ಧ ದಾರಿಯಲ್ಲಿ ಮತ್ತೆ ಕಚ್ಚಿಕೊಳ್ಳುತ್ತದೆ. ಎಣ್ಣೆ ಬಿಡುವ ಮೊದಲು ಬೆಲ್ಟು ತೆಗೆದಿಡಿ. ಬೆಲ್ಟಿಗೆ ಎಣ್ಣೆ ತಾಗಿದರೆ ಜಾರುತ್ತದೆ, ರಬ್ಬರೂ ಹಾಳು.

ಈಗ ಸ್ಪ್ರೇ. ಡಬ್ಬಿ ಜೊತೆ ಬರುವ ಸಣ್ಣ ಕೊಳವೆ ಸಿಕ್ಕಿಸಿ, ನಟ್ಟು ಮತ್ತು ಬೋಲ್ಟು ಸೇರುವ ಗೆರೆಗೇ ಬಿಡಿ. ಜಾಸ್ತಿ ಬೇಡ, ನೆಲಕ್ಕೆ ಸುರಿದದ್ದು ಸುಮ್ನೆ ದಂಡ. ಸಾಧ್ಯವಿದ್ದರೆ ಎಣ್ಣೆ ಮೇಲಿನಿಂದ ಇಳಿಯುವ ಹಾಗೆ ಯಂತ್ರವನ್ನು ವಾಲಿಸಿ. ಆಮೇಲೆ ಸುತ್ತಿಗೆ. ಜೋರಾಗಿ ಬೇಡ, ಬೋಲ್ಟಿನ ತಲೆಗೆ ಟಕ್ ಟಕ್ ಅಂತ ಸಣ್ಣ ಏಟು. ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ಇನ್ನೊಂದು ಸಲ ಸ್ಪ್ರೇ, ಇನ್ನೊಂದಿಷ್ಟು ಟಕ್ ಟಕ್. ಆಮೇಲೆ ಬಿಟ್ಟು ಹೋಗಿ ಊಟ ಮಾಡಿ, ಮಲಗಿ.

ಅಪ್ಪನಿಗೆ ಇದು ಸಮಾಧಾನ ಇಲ್ಲ. "ಎಂತ ಮಾರಾಯ, ಇನ್ನೂ ಬಿಚ್ಚಿ ಆಗ್ಲಿಲ್ವಾ? ಪೈಪ್ ಸಿಕ್ಕಿಸಿ ತಿರುಗಿಸು!" ಕ್ಯಾಮೆರಾ ಹಿಂದಿನಿಂದ ಕೇಳಿದ ಆ ಧ್ವನಿ ಅವರದೇ. ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿದರೆ ಬಲ ಬರುತ್ತದೆ, ಸುಳ್ಳಲ್ಲ. ಆದರೆ ಸಣ್ಣ ಬೋಲ್ಟಾದರೆ ತುಂಡಾಗುವುದೂ ಅದೇ ಬಲಕ್ಕೆ. ಫ್ರೇಮಿನ ಬೋಲ್ಟು ತುಂಡಾದರೆ ಹತ್ತು ರೂಪಾಯಿಯ ಕೆಲಸ. ಪಂಪಿನ ಹಿತ್ತಾಳೆ ತಲೆಯೊಳಗೆ ತುಂಡಾದರೆ ಲೇತ್ ಅಂಗಡಿಗೆ ಹೊರಬೇಕು.

ಮರುದಿನ ಬೆಳಿಗ್ಗೆ. ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ ಮಾತ್ರ. ಬಾಯಿ ತೆರೆದ ಸ್ಪ್ಯಾನರ್ ನಟ್ಟಿನ ಮೂಲೆ ಸವೆಸಿ ರೌಂಡ್ ಮಾಡಿಬಿಡುತ್ತದೆ. ಮೊದಲು ಬಿಗಿ ಮಾಡುವ ಕಡೆಗೆ ಒಂದು ಚೂರು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಕೇಳಿಸಿತಾ? ಕಿರ್ರ್ ಅಂತ. ಅದು ತುಕ್ಕು ಬಿಟ್ಟ ಸದ್ದು. ಸಡಿಲ ಆಯಿತು ಅಂತ ಒಂದೇ ಉಸಿರಿಗೆ ಬಿಚ್ಚಬೇಡಿ. ಕಾಲು ಸುತ್ತು ಬಿಚ್ಚುವ ಕಡೆಗೆ, ಅದರ ಅರ್ಧದಷ್ಟು ಬಿಗಿ ಮಾಡುವ ಕಡೆಗೆ, ಒಂದು ಹನಿ ಎಣ್ಣೆ, ಮತ್ತೆ ಬಿಚ್ಚುವ ಕಡೆಗೆ. ಫ್ರೇಮಿನ ಬೋಲ್ಟುಗಳೆಲ್ಲ ಹೀಗೇ ಬಂದವು.

ತಲೆನೋವು ಕೊಟ್ಟದ್ದು ಪುಲ್ಲಿಯ ಸಣ್ಣ ಅಲೆನ್ ಸ್ಕ್ರೂ. ನೋಡಿ, ಆರು ಮೂಲೆಯ ಗುಂಡಿ ಕಾಣುವುದೇ ಇಲ್ಲ, ಹಸಿರು ಹಕ್ಕಳೆ ತುಂಬಿದೆ. ಇಲ್ಲಿ ಎಣ್ಣೆಗಿಂತ ಮೊದಲು ಗೋಣಿ ಹೊಲಿಯುವ ದಬ್ಬಣ ಬೇಕು. ತಳ ಕಾಣುವ ತನಕ ಕೆರೆದು ತೆಗೆದೆ. ಅಲೆನ್ ಕೀ ಪೂರ್ತಿ ಇಳಿಯದೆ ತಿರುಗಿಸಿದರೆ ಗುಂಡಿಯ ಮೂಲೆ ಹೋಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಎಣ್ಣೆಯನ್ನು ಸ್ಕ್ರೂ ತಲೆಗೂ ಬಿಟ್ಟೆ, ಪುಲ್ಲಿ ಮತ್ತು ಶಾಫ್ಟ್ ಸೇರುವ ಸಂದಿಗೂ ಬಿಟ್ಟೆ. ಸ್ಕ್ರೂವಿನ ತುದಿ ಕಚ್ಚಿಕೊಂಡಿರುವುದು ಅಲ್ಲೇ. ಕೀ ಇಳಿಸಿ ಅದರ ಮೇಲೆ ಸಣ್ಣ ಏಟು ಕೊಟ್ಟು ತಿರುಗಿಸಿದರೆ ಬಂತು.

ಸೈಲೆನ್ಸರ್ ನಟ್ಟು ಬೇರೆ ಜಾತಿ. ಅಲ್ಲಿ ನೀರಿನ ಜೊತೆ ಬೆಂಕಿಯ ಕಾಟವೂ ಇದೆ. ಬರೀ ಎಣ್ಣೆಗೆ ಬಗ್ಗದಿದ್ದರೆ ಬಿಸಿ ಮಾಡಬೇಕು. 10 ಮಿಲಿಮೀಟರ್ ಅಗಲದ ಉಕ್ಕು 200 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಸುಮಾರು 0.024 ಮಿಲಿಮೀಟರ್. ಇಷ್ಟೇನಾ ಅನ್ನಿಸಬಹುದು, ತುಕ್ಕು ಒಡೆಯಲು ಅಷ್ಟು ಸಾಕು. ಆದರೆ ಒಂದು ಮಾತು. ಎಣ್ಣೆ ಸ್ಪ್ರೇ ಮಾಡಿದ ಜಾಗಕ್ಕೆ ಬೆಂಕಿ ಹಿಡಿಯಬೇಡಿ, ಬಿಸಿ ಸೈಲೆನ್ಸರಿಗೆ ಸ್ಪ್ರೇ ಮಾಡಬೇಡಿ. ಪೆಟ್ರೋಲ್ ಟ್ಯಾಂಕ್ ಇರುವ ಯಂತ್ರಕ್ಕೆ ಮನೆಯಲ್ಲಿ ಗ್ಯಾಸ್ ಟಾರ್ಚ್‌ನ ಬೆಂಕಿ ಹಿಡಿಯುವ ಕೆಲಸಕ್ಕೆ ನಾನು ಹೋಗುವುದೇ ಇಲ್ಲ. ಈ ಎರಡು ನಟ್ಟು ಪೇಟೆಯ ಗ್ಯಾರೇಜಿಗೆ ಬಿಟ್ಟದ್ದು.

ಕೆಲವು ಸಲ ತುಕ್ಕೇ ಇರುವುದಿಲ್ಲ, ನಾವು ತಿರುಗಿಸುವ ದಿಕ್ಕೇ ತಪ್ಪಾಗಿರುತ್ತದೆ. ಸೈಕಲ್ಲಿನ ಎಡ ಪೆಡಲ್, ಟೇಬಲ್ ಫ್ಯಾನಿನ ರೆಕ್ಕೆಯ ನಟ್ಟು, ಇವೆಲ್ಲ ಉಲ್ಟಾ ಥ್ರೆಡ್. ಡಬ್ಬಿ ಖಾಲಿ ಮಾಡುವ ಮೊದಲು ನೋಡಿಕೊಳ್ಳಿ.

ವಾಪಸ್ ಹಾಕುವಾಗ ಪ್ರತಿ ಥ್ರೆಡ್ಡಿಗೂ ಗ್ರೀಸ್. ಸೈಲೆನ್ಸರಿಗೆ ಸಾದಾ ಗ್ರೀಸ್ ಸುಟ್ಟುಹೋಗುತ್ತದೆ, ಅಲ್ಲಿಗೆ ಥ್ರೆಡ್ ಕಚ್ಚಿಕೊಳ್ಳದ ಹಾಗೆ ತಡೆಯುವ ತಾಮ್ರದ ಆಂಟಿ ಸೀಝ್ ಪೇಸ್ಟ್. ಜಿಡ್ಡು ಇದ್ದರೆ ಬೋಲ್ಟು ಸುಲಭವಾಗಿ ಬಿಗಿಯುತ್ತದೆ, ಹಾಗಾಗಿ ಕೈ ಸ್ವಲ್ಪ ಹಗುರ ಇರಲಿ. ಮದ್ದು ಬಿಟ್ಟ ಸಂಜೆ ಒಳ್ಳೆ ನೀರು ಹಾಕಿ ಪಂಪು ಓಡಿಸಿ, ಫ್ರೇಮು ತೊಳೆದು, ಒಣಗಿದ ಮೇಲೆ ಡೀಸೆಲ್ ಬಟ್ಟೆಯಲ್ಲಿ ಬೋಲ್ಟುಗಳನ್ನು ಒರೆಸಿ. ಹತ್ತು ನಿಮಿಷದ ಕೆಲಸ.

ಸೀಲು ಹಾಕಿ ಆಯಿತು, ಬೆಲ್ಟು ಏರಿತು. ಗ್ಯಾರೇಜಿನಿಂದ ಸೈಲೆನ್ಸರ್ ಬಂದ ಕೂಡಲೇ ನೀರು ಹಾಕಿ ಒಂದು ಟ್ರಯಲ್. ಮೈಲುತುತ್ತು ಕರಗಿಸುವುದು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಯಾಕೆ ಅಂತ ಈಗ ನಿಮಗೆ ಗೊತ್ತಲ್ಲ.