ನೀರು ಉಳಿಸುವ ಕೆಲಸ ನಲ್ಲಿಗೂ ಗುಂಡಿಗೂ ಬಿಡಿ

[ದೃಶ್ಯ: ಫ್ಲಶ್ ಟ್ಯಾಂಕಿನ ಮೇಲೆ ಒಂದೇ ಅಳತೆಯ ಎರಡು ಗುಂಡಿ, ತೀರಾ ಹತ್ತಿರದಿಂದ]

ನಮಸ್ಕಾರ. ಇದರಲ್ಲಿ ಕಡಿಮೆ ನೀರಿನ ಗುಂಡಿ ಯಾವುದು, ಹೇಳಿ ನೋಡೋಣ? ಗೊತ್ತಾಗಲ್ಲ, ಅಲ್ವಾ? ಅವಸರದಲ್ಲಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿಬಿಡುತ್ತೇವೆ. ತಪ್ಪು ಒತ್ತಿದವರದ್ದಲ್ಲ, ಗುಂಡಿಯದ್ದು.

ಎರಡು ಗುಂಡಿಯ ಫ್ಲಶ್ ರೂಪಿಸಿದ್ದು ಆಸ್ಟ್ರೇಲಿಯಾದ ಕರೋಮಾ ಕಂಪನಿಯ ಬ್ರೂಸ್ ಥಾಂಪ್ಸನ್, 1980ರಲ್ಲಿ. ಆಗ ಪೂರ್ತಿ ಫ್ಲಶ್‌ಗೆ 11 ಲೀಟರ್, ಅರ್ಧಕ್ಕೆ ಐದೂವರೆ. ಈಗ 6 ಮತ್ತು 3 ಲೀಟರಿನವು ಸಿಗುತ್ತವೆ. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ನಾಲ್ಕು ಸಲ ಅರ್ಧ ಫ್ಲಶ್ ಒತ್ತಿದರೆ 48 ಲೀಟರ್ ಉಳಿಯುತ್ತದೆ. ಅದಕ್ಕೇ ಕೊಳ್ಳುವಾಗ ಬಣ್ಣ, ಹೊಳಪು ಆಮೇಲೆ ನೋಡಿ. ಕಣ್ಣು ಮುಚ್ಚಿ ಮುಟ್ಟಿದರೂ ವ್ಯತ್ಯಾಸ ತಿಳಿಯುವ ಗುಂಡಿ ಆರಿಸಿ.

[ದೃಶ್ಯ: ಟ್ಯಾಂಕಿನ ಮೇಲೆಯೇ ಪುಟ್ಟ ಬೇಸಿನ್]

ಜಪಾನಿನ ಈ ಟ್ಯಾಂಕ್ ನನಗೆ ತುಂಬಾ ಇಷ್ಟ. ಫ್ಲಶ್ ಮಾಡಿದ ಮೇಲೆ ಟ್ಯಾಂಕಿಗೆ ತುಂಬುವ ಹೊಸ ನೀರು ಮೊದಲು ಮೇಲಿನ ನಲ್ಲಿಯಿಂದ ಬರುತ್ತದೆ. ಕೈ ತೊಳೆದ ಅದೇ ನೀರು ಮುಂದಿನ ಫ್ಲಶ್‌ಗೆ. ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ.

[ದೃಶ್ಯ: ಶವರ್ ಪೈಪಿನ ಮೇಲೆ ಅಂಕಿ ಏರುತ್ತಿದೆ: 18, 19, 20]

ನೀರಿನ ಬಿಲ್ ಬರುವಷ್ಟರಲ್ಲಿ ಯಾವ ಸ್ನಾನಕ್ಕೆ ಎಷ್ಟು ಸುರಿದೆವು ಅಂತ ಯಾರಿಗೆ ನೆನಪಿರುತ್ತದೆ? ಈ ಮೀಟರ್ ಮೈಮೇಲೆ ನೀರು ಬೀಳುತ್ತಿರುವಾಗಲೇ ಲೀಟರ್ ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಮನೆಗಳಲ್ಲಿ ಇಂಥದ್ದನ್ನು ಹಾಕಿ ನೋಡಿದಾಗ, ಸ್ನಾನಕ್ಕೆ ಖರ್ಚಾಗುವ ಶಕ್ತಿ ಸುಮಾರು ಶೇ. 22ರಷ್ಟು ಇಳಿಯಿತು. ಬಿಸಿನೀರು ಕಡಿಮೆಯಾಯಿತು ಅಂತಲೇ ಅರ್ಥ.

ನಲ್ಲಿ ತುದಿಯ ಏರೇಟರ್ ನಿಮಗೆ ಗೊತ್ತಿರುತ್ತದೆ. ನೀರಿಗೆ ಗಾಳಿ ಬೆರೆಸುವ ಜಾಲರಿ. ಕೈ ತೊಳೆಯುವ ಬೇಸಿನ್‌ಗೆ ಅದು ಚೆನ್ನ. ಬಕೆಟ್ ತುಂಬಿಸುವ ನಲ್ಲಿಗೆ ಸುಮ್ನೆ ಹಾಕಬೇಡಿ. ಬಕೆಟ್ಟಿಗೆ ಬೇಕಾದಷ್ಟು ನೀರು ಬೇಕೇ ಬೇಕು, ಕಾಯುವುದು ಜಾಸ್ತಿ ಅಷ್ಟೇ.

[ದೃಶ್ಯ: ನಲ್ಲಿ ಕೆಳಗೆ ಕೈಯೊಡ್ಡಿ ಬಿಸಿನೀರಿಗೆ ಕಾಯುತ್ತಿರುವುದು]

ಇನ್ನೊಂದು ನಷ್ಟ ಗೋಡೆಯೊಳಗಿದೆ. ಒಳಗೆ 15 ಮಿಲಿಮೀಟರ್ ಅಗಲವಿರುವ ಪೈಪು 10 ಮೀಟರ್ ಉದ್ದವಿದ್ದರೆ, ಅದರಲ್ಲಿ ಒಂದೂಮುಕ್ಕಾಲು ಲೀಟರ್ ತಣ್ಣೀರು ನಿಂತಿರುತ್ತದೆ. ಪ್ರತಿ ಬೆಳಿಗ್ಗೆ ಅದು ಹೋದಮೇಲೆಯೇ ಬಿಸಿನೀರು. ಮನೆ ಕಟ್ಟಿಸುತ್ತಿದ್ದೀರಾ? ಗೋಡೆ ಕೊರೆಯುವ ಮೊದಲೇ ಪ್ಲಂಬರ್ ಜೊತೆ ನಿಂತು, ಗೀಸರಿನಿಂದ ಶವರ್‌ವರೆಗೆ ಟೇಪು ಹಿಡಿದು ಅಳೆಯಿರಿ.