ಫೋನಿನೊಳಗೆ ಬಂದ ಮಹಾಮಾರಿ

ಕೇಳುಗರೇ, ನಮಸ್ಕಾರ.

ಮುಂಬಯಿಗೆ ಮಹಾಮಾರಿ ಹೊಸದಲ್ಲ. 1896ರಲ್ಲಿ ಮಾಂಡ್ವಿಯ ಕಡೆ ಜನ ಜ್ವರ, ಗಡ್ಡೆಗಳಿಂದ ಸಾಯತೊಡಗಿದಾಗ, ಇದು ಪ್ಲೇಗು ಎಂದು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೆಗಾಸ್. ಆಗ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ನಗರ ಬಿಟ್ಟರು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಲೋಕಲ್ ರೈಲು ನಿಂತಾಗ ನಮಗೆ ಹೊರಡುವ ದಾರಿಯೂ ಇರಲಿಲ್ಲ. ಸುದ್ದಿ ಮಾತ್ರ ಫೋನಿನಲ್ಲಿ ಹಗಲೂ ರಾತ್ರಿ ಬರುತ್ತಲೇ ಇತ್ತು.

ಸಂಜೆಯಾದರೆ ಪಾಲಿಕೆಯ ಅಂಕಿಗಳಿಗೆ ಕಾಯುತ್ತಿದ್ದೆವು. ಧಾರಾವಿಯಲ್ಲಿ ಎಷ್ಟು, ವರ್ಲಿ ಕೋಳಿವಾಡದಲ್ಲಿ ಎಷ್ಟು, ನಮ್ಮ ವಾರ್ಡಿನಲ್ಲಿ ಎಷ್ಟು. ಆದರೆ ಆ ಅಂಕಿಗಳನ್ನು ಓದುವುದು ಹೇಗೆಂದು ಹೇಳಿಕೊಡುವವರು ಕಡಿಮೆ. ಇವತ್ತಿನ ಸಂಖ್ಯೆ ಇವತ್ತು ಸೋಂಕು ತಗುಲಿದವರದ್ದಲ್ಲ. ಕೆಲವು ದಿನಗಳ ಹಿಂದೆಯೇ ತಗುಲಿ, ಪರೀಕ್ಷೆಯಾಗಿ, ಈಗ ವರದಿ ಬಂದವರದ್ದು. ಪರೀಕ್ಷೆ ಹೆಚ್ಚಿದರೆ ಸಂಖ್ಯೆಯೂ ಏರುತ್ತದೆ. ನೂರು ಪರೀಕ್ಷೆಯಲ್ಲಿ ಎಷ್ಟು ಮಂದಿಗೆ ಸೋಂಕು ಎಂಬುದನ್ನೂ ನೋಡಬೇಕು. ಇಷ್ಟು ತಿಳಿದಿದ್ದರೆ ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆ ಬರುತ್ತಿತ್ತು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸಲು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಕತೆಯೂ ಹೀಗೇ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ತೋರಿಸಬಹುದು. ಕೈ ಬೆಚ್ಚಗೆ ಮಾಡಿಕೊಂಡು, ಒಂದು ನಿಮಿಷ ಅಲುಗಾಡದೆ ಕೂತು ನೋಡಬೇಕು. ಗಾಬರಿಯಲ್ಲಿ ಮಧ್ಯರಾತ್ರಿ ಮತ್ತೆ ಮತ್ತೆ ಸಿಕ್ಕಿಸಿಕೊಂಡವರಿಗೆ ಇದನ್ನು ಹೇಳುವವರು ಬೇಕಿತ್ತು.

ನಮ್ಮ ಕನ್ನಡಿಗರ ಪಾಲಿಗೆ ಇನ್ನೊಂದು ನೋವೂ ಫೋನಿನಲ್ಲೇ ಬಂತು. ಆ ಮೇ ತಿಂಗಳಲ್ಲಿ ಕರ್ನಾಟಕ ಸರಕಾರ ಮಹಾರಾಷ್ಟ್ರದಿಂದ ಬರುವವರನ್ನು ಕೆಲಕಾಲ ತಡೆಯಿತು. ಇಲ್ಲಿಂದ ಹೋದವರಲ್ಲಿ ಸೋಂಕು ಕಾಣಿಸಿತ್ತು, ಕಾರಣವಿತ್ತು, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ ‘ಮುಂಬಯಿಯವರನ್ನು ಊರೊಳಗೆ ಬಿಡಬೇಡಿ’ ಎಂಬ ಮಾತನ್ನು ನಮ್ಮದೇ ಭಾಷೆಯಲ್ಲಿ, ಗುರುತಿನವರ ಹೆಸರಿನ ಕೆಳಗೆ ಓದಬೇಕಾಯಿತು. ಹೋಟೆಲು ಮುಚ್ಚಿ, ಸಂಬಳ ನಿಂತು, ಒಂದೇ ಕೋಣೆಯಲ್ಲಿ ಒತ್ತಿಕೊಂಡು ಮಲಗಿದ್ದ ಹುಡುಗರು ಅದನ್ನು ಓದಿದರು. ತಿಂಗಳು ತಪ್ಪದೆ ಊರಿಗೆ ದುಡ್ಡು ಕಳಿಸುತ್ತಿದ್ದವರು ಅವರು. ಆ ಮಾತಿನ ಗಾಯಕ್ಕೆ ಯಾವ ಲಸಿಕೆಯೂ ಬರಲಿಲ್ಲ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಒಬ್ಬರು ಅಕ್ಕ ಇದ್ದಾರೆ. ಅವರ ತಾಯಿ ಕಾರ್ಕಳದ ಕಡೆ ತೀರಿಕೊಂಡಾಗ, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ನೆಲದಲ್ಲಿ ಕೂತು ಅಂತ್ಯಕ್ರಿಯೆ ನೋಡಿದರು. ನಡುವೆ ನೆಟ್‌ವರ್ಕ್ ಹೋಯಿತು. ಪರದೆಯಲ್ಲಿ ತಮ್ಮನ ಬೆನ್ನು ಮಾತ್ರ ಅಲ್ಲಾಡದೆ ನಿಂತುಬಿಟ್ಟಿತು. ಮತ್ತೆ ಬರುವ ಹೊತ್ತಿಗೆ ಬೆಂಕಿ ಹತ್ತಿತ್ತು. ಬೊಜ್ಜಕ್ಕೂ, ಅಂದರೆ ಉತ್ತರಕ್ರಿಯೆಗೂ, ಹೋಗಲಾಗಲಿಲ್ಲ. ‘ಅಮ್ಮ ಹೋದದ್ದು ಇನ್ನೂ ನಿಜ ಅಂತ ಅನಿಸುವುದಿಲ್ಲ ಮಾರಾಯ್ರೆ’ ಎಂದು ಅವರು ಹೇಳಿದ್ದು ವರ್ಷಗಳ ಮೇಲೆ. ಮನೆಯವರು ಮರೆತುಬಿಡು ಎನ್ನುತ್ತಿದ್ದರಂತೆ, ಅದಕ್ಕೇ ಬಾಯಿ ಬಿಟ್ಟಿರಲಿಲ್ಲ.

ಹೆಣ ಮುಟ್ಟಿ, ಎಲ್ಲರ ಜೊತೆ ಅತ್ತು, ಸೂತಕ ಕಳೆದು ಏಳುವುದಕ್ಕೆ ಒಂದು ಕ್ರಮವಿದೆ. ಅದು ಕೈತಪ್ಪಿದವರಿಗೆ ದುಃಖ ಒಳಗೇ ಉಳಿದಿದ್ದರೆ ಅದು ಅವರ ದೌರ್ಬಲ್ಯ ಅಲ್ಲ. ಆ ಅಕ್ಕ ಕಳೆದ ಬಾರಿ ಊರಿಗೆ ಹೋದಾಗ ತಡವಾದರೂ ನೆಂಟರನ್ನು ಕರೆದು, ತಾಯಿಯ ಹೆಸರಲ್ಲಿ ಊಟ ಹಾಕಿಸಿದರು. ಅವರ ಬಗ್ಗೆಯೇ ಮಾತಾಡುತ್ತ ಸಂಜೆ ಮಾಡಿದರಂತೆ. ಒಳ್ಳೆಯದಾಯಿತು ಎಂದೇ ನನಗನಿಸುತ್ತದೆ. ಹಾಗೆ ಮಾಡಲು ಈಗಲೂ ಹೊತ್ತು ಮೀರಿಲ್ಲ.

ಮುಂದೆ ಯಾವುದೇ ರೋಗದ ಸುದ್ದಿ ಹಬ್ಬಿದರೂ ಮನೆಯಲ್ಲಿ ಒಬ್ಬರು, ದಿನಕ್ಕೊಂದು ಸಲ, ಆರೋಗ್ಯ ಇಲಾಖೆಯ ಮಾಹಿತಿಯನ್ನು ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿ. ತಾರೀಕಿಲ್ಲದ, ಯಾರು ಹೇಳಿದ್ದೆಂದು ಗೊತ್ತಿಲ್ಲದ ಧ್ವನಿ ಸಂದೇಶವನ್ನು ಮುಂದೆ ಕಳಿಸಬೇಡಿ. ಮಲಗುವ ಮುನ್ನವಂತೂ ಅಂಥದ್ದನ್ನು ಕೇಳಲೇಬೇಡಿ.

ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕಾಗಿ ಇರುವ ಕೇಂದ್ರ ಸರಕಾರದ ಉಚಿತ ಸೇವೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.