ಕಾರ್ಬೈಡ್ ದೀಪ: ಮೊದಲು ಸುಣ್ಣ, ಆಮೇಲೆ ಹೊಳಪು

ಕೇಳುಗರಿಗೆ ನಮಸ್ಕಾರ.

ಅಟ್ಟದಿಂದಲೋ ಗುಜರಿಯಿಂದಲೋ ಹಳೆಯ ಕಾರ್ಬೈಡ್ ದೀಪವೊಂದು ಕೈಗೆ ಬಂದರೆ, ಎಲ್ಲರೂ ಮೊದಲು ಹುಡುಕುವುದು ಹಿತ್ತಾಳೆ ಉಜ್ಜುವ ಪುಡಿಯನ್ನು. ಆದರೆ ದೀಪ ಕೆಡುವುದು ಕಿಲುಬಿನಿಂದಲ್ಲ, ಒಳಗೆ ಕಟ್ಟಿದ ಸುಣ್ಣದಿಂದ. ಮೇಲಿನ ಪಾತ್ರೆಯ ನೀರು ಕೆಳಗಿನ ಕ್ಯಾಲ್ಸಿಯಂ ಕಾರ್ಬೈಡ್ ಮೇಲೆ ತೊಟ್ಟಿಕ್ಕಿದಾಗ ಅಸಿಟಿಲೀನ್ ಅನಿಲ ಹೊರಟು ಬರ್ನರಿನಲ್ಲಿ ಉರಿಯುತ್ತದೆ, ತಳದಲ್ಲಿ ಸುಣ್ಣ ಉಳಿಯುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಉರಿದ ದೀಪವಾಗಲಿ, ಚಿಕಾಗೋದ ಜಸ್ಟ್‌ರೈಟ್ ಕಂಪನಿಯದಾಗಲಿ, ಕೆಲಸ ಮಾಡುವ ಬಗೆ ಇದೇ.

ತಳದ ಪಾತ್ರೆ ತಿರುಗದಿದ್ದರೆ ತಿರುಪಿನ ಸುತ್ತುಗಳಲ್ಲಿ ಸುಣ್ಣ ಗಟ್ಟಿಯಾಗಿದೆ ಎಂದರ್ಥ. ಇಕ್ಕಳ ಹಾಕಬೇಡಿ. ತೆಳು ಹಿತ್ತಾಳೆ ನೆಗ್ಗಿದರೆ ಪಾತ್ರೆ ಮತ್ತೆಂದೂ ಅನಿಲ ಸೋರದಂತೆ ಕೂರುವುದಿಲ್ಲ. ಕೂಡುವ ಜಾಗವನ್ನು ಬಿಳಿ ವಿನೆಗರ್‌ನಲ್ಲಿ ಒಂದೆರಡು ಗಂಟೆ ಮುಳುಗಿಸಿ, ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕೈಯಿಂದಲೇ ತಿರುಗಿಸಿ. ಬರದಿದ್ದರೆ ಹೊಸ ವಿನೆಗರ್, ಇನ್ನೊಂದು ಗಂಟೆ. ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆಯ ಸತು ಕರಗಿ ಮೈ ತಾಮ್ರದ ಬಣ್ಣಕ್ಕೆ ತಿರುಗೀತು.

ಹುಣಸೆಹುಳಿ ಸಾಲದೇ ಎನ್ನಬಹುದು. ಕಿಲುಬಿಗೆ ಅದು ಸೊಗಸು, ಸುಣ್ಣಕ್ಕಲ್ಲ. ಹುಣಸೆಯ ಆಮ್ಲ ಸುಣ್ಣದೊಡನೆ ಸೇರಿದರೆ ನೀರಿನಲ್ಲಿ ಅಷ್ಟಾಗಿ ಕರಗದ ಲವಣವಾಗುತ್ತದೆ. ವಿನೆಗರ್ ಸೇರಿದರೆ ಆಗುವ ಲವಣ ಸುಲಭವಾಗಿ ತೊಳೆದುಹೋಗುತ್ತದೆ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿಟ್ಟ ಬಂದೂಕಿನ ಹಿತ್ತಾಳೆ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು; ಕಾರಣ ಕುದುರೆಗಳ ಮೂತ್ರದಿಂದ ಏಳುವ ಅಮೋನಿಯಾ ಎಂದು 1921ರಲ್ಲಿ ಖಚಿತವಾಯಿತು. ಅಚ್ಚೊತ್ತಿ ಮಾಡಿದ ದೀಪದ ಮೈಗೂ ಅದೇ ಅಪಾಯ.

ಇನ್ನು ನೀರಿನ ದಾರಿ. ತೊಟ್ಟಿಕ್ಕುವ ನಳಿಗೆಯ ತುದಿಯನ್ನು ತೆಳು ಉಕ್ಕಿನ ತಂತಿಯಿಂದ ಬಿಡಿಸಿ. ನೀರು ತುಂಬುವ ಮುಚ್ಚಳದಲ್ಲಿ ಗಾಳಿಗೆಂದು ಒಂದು ಚಿಕ್ಕ ತೂತು ಇರುತ್ತದೆ. ಅದು ಕಟ್ಟಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ನೀರು ಇಳಿಯುವುದಿಲ್ಲ, ಜನ ಸುಮ್ಮನೆ ನೀರು ಬಿಡುವ ಕೀಲನ್ನು ದೂರುತ್ತಾರೆ.

ಬರ್ನರಿನ ಬಳಪದ ಕಲ್ಲಿನಂಥ ತುದಿ ಬಲು ನಾಜೂಕು. ಹೊಲಿಗೆ ಸೂಜಿ ತುರುಕಿದರೆ ತೂತು ಅಗಲವಾಗಿ ಜ್ವಾಲೆ ಮಸಿ ಕಾರುತ್ತದೆ, ಇಲ್ಲವೇ ತುದಿಯೇ ಒಡೆಯುತ್ತದೆ. ಗಿಟಾರಿನ ಅತಿ ತೆಳು ಉಕ್ಕಿನ ತಂತಿ, ಸುಮಾರು ಕಾಲು ಮಿಲಿಮೀಟರಿನದು, ತೂತಿನಲ್ಲಿ ಸಡಿಲವಾಗಿ ಹೋದರೆ ಮಾತ್ರ ಬಳಸಿ. ತಾಮ್ರದ ತಂತಿ ಬೇಡ. ತಾಮ್ರ ಮತ್ತು ಅಸಿಟಿಲೀನ್ ಸೇರಿ ಸಿಡಿಯುವ ವಸ್ತು ಆಗಬಲ್ಲದು.

ಅನಿಲ ಸೋಸುವ ಫೆಲ್ಟ್ ಸುಣ್ಣ ಹಿಡಿದು ಹಲಗೆಯಂತಾಗಿದ್ದರೆ ಉಣ್ಣೆಯ ಫೆಲ್ಟಿನಲ್ಲಿ ಹೊಸದನ್ನು ಕತ್ತರಿಸಿ ಹಾಕಿ. ಪಾತ್ರೆಗಳು ಕೂಡುವಲ್ಲಿನ ಗಡುಸಾದ ರಬ್ಬರ್ ವಾಷರನ್ನು ಉಳಿಸಿಕೊಳ್ಳುವುದಂತೂ ಜಿಪುಣತನವಲ್ಲ, ಹುಚ್ಚುತನ: ಅಲ್ಲಿ ಸೋರಿದ ಅನಿಲ ಹೊತ್ತಿದರೆ ದೀಪದ ಸೊಂಟದ ಸುತ್ತ ಬೆಂಕಿ. ಅದಕ್ಕೇ ಮೊದಲ ಪರೀಕ್ಷೆ ಬಯಲಿನಲ್ಲಿ, ಹತ್ತಿರ ಕಿಡಿಯೂ ಇಲ್ಲದ ಕಡೆ ಆಗಲಿ. ನಾಲ್ಕಾರು ಹರಳು ಕಾರ್ಬೈಡ್ ಹಾಕಿ, ನೀರು ಬಿಟ್ಟು, ಕೂಡುವ ಜಾಗಕ್ಕೆ ಸೋಪಿನ ನೀರು ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಬರದಿದ್ದರೆ ಆಮೇಲೆ ಕಡ್ಡಿ ಗೀರಿ.

ಬಟಾಣಿ ಗಾತ್ರದ ಹರಳುಗಳನ್ನು ಅರ್ಧ ಪಾತ್ರೆಯಷ್ಟೇ ತುಂಬಿ, ಸುಣ್ಣವಾಗುತ್ತಾ ಅದು ಉಬ್ಬುತ್ತದೆ. ನೀರನ್ನು ಒಂದೊಂದೇ ತೊಟ್ಟಾಗಿ ಬಿಡಿ. ಹೆಚ್ಚಾದರೆ ಅನಿಲ ನೀರಿನ ಪಾತ್ರೆಯೊಳಗೇ ಗುಳುಗುಳು ಎಂದು ಏರಿ ಮುಚ್ಚಳದಿಂದ ಹೊರಬರುತ್ತದೆ.

ಉರಿದ ಮೇಲೆ ಉಳಿದ ಸುಣ್ಣವನ್ನು ಅಂದೇ ತೆಗೆಯಿರಿ. ಅದರಲ್ಲಿ ಇನ್ನೂ ಕಾರ್ಬೈಡ್ ಇರಬಹುದು, ಮುಚ್ಚಿದ ಡಬ್ಬಿಗೆ ಹಾಕಿದರೆ ಅನಿಲ ಒಳಗೇ ತುಂಬುತ್ತದೆ. ಬಯಲಿನಲ್ಲಿ ಬಾಯಿ ತೆರೆದ ಬಕೆಟ್ಟಿನ ತುಂಬ ನೀರಿಗೆ ಹಾಕಿ, ಗುಳ್ಳೆ ಏಳುವುದು ನಿಂತ ಮೇಲೆ ಚೆಲ್ಲಿ. ದೀಪ ತೊಳೆದು ಒಣಗಿಸಿ, ಎರಡು ಪಾತ್ರೆಗಳನ್ನೂ ಬಿಡಿಸಿಯೇ ಇಡಿ.